ದುಡ್ಡು ಕೊಟ್ಟು ಬ್ಲೂ ಟಿಕ್ ತಗೊಳ್ಳುವವರಿಗೆ: ಮರ್ಯಾದೆ ಉಳಿಸಿಕೊಂಡು ಬಳಸುವ ಬಗೆ

ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, ವಾದ ಬಿಸಿಯಾದಾಗ ಒಂದು ಮಾತು ಬಂದೇ ಬರುತ್ತದೆ: "ದುಡ್ಡು ಕೊಟ್ಟು ಟಿಕ್ ತಗೊಂಡೋನು ನಂಗೆ ಬುದ್ಧಿ ಹೇಳ್ತೀಯಾ?" ಅಲ್ಲಿಗೆ ವಾದದ ವಿಷಯ ಪಕ್ಕಕ್ಕೆ ಸರಿದು, ಟಿಕ್ ಇದ್ದವನ ಯೋಗ್ಯತೆಯೇ ಚರ್ಚೆಗೆ ಬರುತ್ತದೆ. ಶೋಕಿ, ಬಿಲ್ಡಪ್, ದುಡ್ಡಿನ ದೊಡ್ಡಸ್ತಿಕೆ ಎಂದೆಲ್ಲ ಹೆಸರು ಬೀಳುತ್ತದೆ. ಹೀಗಿದ್ದರೂ ಟಿಕ್ ತಗೊಳ್ಳಲು ನಿಜವಾದ ಕಾರಣ ಇರುವವರಿದ್ದಾರೆ: ಉದ್ದ ಬರಹ ಬರೆಯುವವರು, ಮನೆಯಿಂದಲೇ ವ್ಯಾಪಾರ ಮಾಡುವವರು, ತಮ್ಮ ಹೆಸರಿನಲ್ಲಿ ಯಾರೋ ನಕಲಿ ಖಾತೆ ತೆರೆದು ಕಾಟ ಕೊಡುತ್ತಿರುವವರು. ಅವರು ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು, ಕೊಂಡ ಮೇಲೆ ಹೇಗೆ ನಡೆದುಕೊಂಡರೆ ಈ ಮಾತು ಕೇಳಬೇಕಾಗುವುದಿಲ್ಲ ಎಂಬುದು ಮುಂದಿದೆ.

ಈ ಕೆಟ್ಟ ಹೆಸರು ಎಲ್ಲಿಂದ ಬಂತು

ಇದನ್ನು ತಿಳಿಯದೆ ಮುಂದಿನ ಹೆಜ್ಜೆಗಳಿಗೆ ಅರ್ಥವಿಲ್ಲ. ಅಮೆರಿಕದ ಬೇಸ್‌ಬಾಲ್ ತಂಡವೊಂದರ ಮ್ಯಾನೇಜರ್ ಟೋನಿ ಲಾ ರೂಸಾ ತಮ್ಮ ಹೆಸರಿನ ನಕಲಿ ಖಾತೆಯ ಬಗ್ಗೆ 2009ರಲ್ಲಿ ಟ್ವಿಟರ್ ಮೇಲೆ ಕೇಸು ಹಾಕಿದರು. ಆ ಗಲಾಟೆಯ ಬೆನ್ನಿಗೇ ವೆರಿಫೈಡ್ ಟಿಕ್ ಶುರುವಾಯಿತು. ಮುಂದಿನ ಹದಿಮೂರು ವರ್ಷ ಅದು ಹೇಳುತ್ತಿದ್ದದ್ದು ಒಂದೇ: ಈ ಖಾತೆ ನಿಜವಾಗಿ ಅವರದ್ದೇ, ಕಂಪನಿ ನೋಡಿ ಖಚಿತಪಡಿಸಿದೆ. ಆ ಟಿಕ್ ಹೆಚ್ಚಾಗಿ ಹೆಸರಾಂತರಿಗೇ ಸಿಗುತ್ತಿದ್ದುದರಿಂದ ಕಾಲಕ್ರಮೇಣ ಗೌರವದ ಗುರುತೂ ಆಯಿತು. ಎರಡೂ ಅರ್ಥ ಒಂದೇ ಚಿಹ್ನೆಗೆ ಅಂಟಿಕೊಂಡವು.

2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್‌ಗೆ ಟ್ವಿಟರ್ ಕೊಂಡರು. ಎರಡು ವಾರವೂ ಕಳೆಯದೆ, ನವೆಂಬರ್ 9ರಂದು, ತಿಂಗಳಿಗೆ 8 ಡಾಲರ್ ಕೊಟ್ಟ ಯಾರಿಗೇ ಆಗಲಿ ಅದೇ ಟಿಕ್ ಸಿಗುವಂತಾಯಿತು. ಗುರುತಿನ ಚೀಟಿ ಕೇಳಲಿಲ್ಲ. ಮರುದಿನವೇ ಔಷಧ ಕಂಪನಿ ಎಲೈ ಲಿಲ್ಲಿಯ ಹೆಸರಿನ ನಕಲಿ ಖಾತೆಯೊಂದು, ನೀಲಿ ಟಿಕ್ ಹೊತ್ತು, ಇನ್ಸುಲಿನ್ ಇನ್ನು ಉಚಿತ ಎಂದು ಬರೆಯಿತು. ಅಸಲಿ ಕಂಪನಿ ಕ್ಷಮೆ ಕೇಳಬೇಕಾಯಿತು, ಅದರ ಷೇರು ಬೆಲೆಯೂ ಇಳಿಯಿತು. ಟ್ವಿಟರ್ ಬ್ಲೂ ಎಂಬ ಈ ಯೋಜನೆಯನ್ನು ನಿಲ್ಲಿಸಿ ಡಿಸೆಂಬರ್ 12ರಂದು ಮತ್ತೆ ತೆರೆದರು. ಆ ಹೊತ್ತಿಗೆ ಹೆಸರು ಕೆಟ್ಟಾಗಿತ್ತು.

ಅದು ಇನ್ನಷ್ಟು ಕೆಟ್ಟದ್ದು 2023ರ ಏಪ್ರಿಲ್‌ನಲ್ಲಿ. 20ರಂದು ಹಳೆಯ ಟಿಕ್‌ಗಳನ್ನೆಲ್ಲ ತೆಗೆದರು. ಕೆಲವೇ ದಿನಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಫಾಲೋವರ್ಸ್ ಇದ್ದ ಖಾತೆಗಳಿಗೆ ಅದನ್ನು ಕೇಳದೆಯೇ ವಾಪಸ್ ಹಾಕಿದರು. ತೀರಿಕೊಂಡವರ ಖಾತೆಗಳ ಮೇಲೂ ಟಿಕ್ ಬಂತು. ಅದನ್ನು ಒತ್ತಿದರೆ "ಇವರು ಟ್ವಿಟರ್ ಬ್ಲೂ ಚಂದಾದಾರರು" ಎಂಬ ಅರ್ಥದ ಸಾಲು ತೆರೆದುಕೊಳ್ಳುತ್ತಿತ್ತು. ಬದುಕಿದ್ದ ಹೆಸರಾಂತರು "ನಾನು ದುಡ್ಡು ಕೊಟ್ಟಿಲ್ಲ" ಎಂದು ಸ್ಪಷ್ಟನೆ ಕೊಡತೊಡಗಿದರು. ಒಂದು ಕಾಲಕ್ಕೆ ಎಲ್ಲರೂ ಬಯಸುತ್ತಿದ್ದ ಗುರುತು ಕೈ ತೊಳೆದುಕೊಳ್ಳಬೇಕಾದ ಗುರುತಾಯಿತು. ನಮ್ಮ ದೇಶದಲ್ಲಿ ಅಮಿತಾಭ್ ಬಚ್ಚನ್ ದುಡ್ಡು ಕಟ್ಟಿದ್ದೇನೆ, ಟಿಕ್ ವಾಪಸ್ ಕೊಡಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಆಮೇಲೆ ದೊಡ್ಡ ಖಾತೆಗಳಿಗೆ ಅದು ಉಚಿತವೆಂದು ತಿಳಿದು ಅದನ್ನೂ ಬರೆದರು. ಅದೇ ತಿಂಗಳು, ಟಿಕ್ ಕೊಂಡವರನ್ನೆಲ್ಲ ಸಾಲಾಗಿ ಬ್ಲಾಕ್ ಮಾಡುವ ಅಭಿಯಾನವೂ ನಡೆಯಿತು.

ಈ ಇತಿಹಾಸದಿಂದ ಮೂರು ಸಿಟ್ಟುಗಳು ಉಳಿದಿವೆ, ಮತ್ತು ಇವನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಚಿಹ್ನೆ ಸುಳ್ಳು ಹೇಳುತ್ತದೆ: ಪರಿಶೀಲನೆಯಾದಂತೆ ಕಾಣುತ್ತದೆ, ಆಗಿರುವುದು ಪಾವತಿ. ಐರೋಪ್ಯ ಒಕ್ಕೂಟ 2025ರ ಡಿಸೆಂಬರ್‌ನಲ್ಲಿ ಎಕ್ಸ್‌ಗೆ 12 ಕೋಟಿ ಯೂರೋ ದಂಡ ಹಾಕಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಇತ್ತು. ಎರಡು, ದುಡ್ಡು ಕೊಟ್ಟವರ ರಿಪ್ಲೈ ಮೇಲೆ ಬರುತ್ತದೆ, ಕೊಡದವರದ್ದು ಕೆಳಗೆ ಹೂತುಹೋಗುತ್ತದೆ. ಕ್ಯೂ ತಪ್ಪಿಸಿ ಮುಂದೆ ನುಗ್ಗಿದವರ ಮೇಲೆ ಬರುವ ಸಿಟ್ಟೇ ಇಲ್ಲೂ ಬರುತ್ತದೆ. ಮೂರು, ಟಿಕ್ ಇದ್ದವರಿಗೆ ಓದುಗರ ಗಮನದಿಂದ ಆದಾಯ ಬರಬಹುದು, ಹಾಗಾಗಿ ಜಗಳ ಹಚ್ಚಿದ್ದೇ ಕಾಸಿಗಾಗಿ ಎಂಬ ಅನುಮಾನ.

ಬೇರೆ ಕಡೆ ದುಡ್ಡು ಕೊಡುವುದಕ್ಕೆ ಇಷ್ಟು ಕೆಟ್ಟ ಹೆಸರಿಲ್ಲ ಎಂಬುದನ್ನು ಗಮನಿಸಿ. ಟೆಲಿಗ್ರಾಂ ಪ್ರೀಮಿಯಂನ ನಕ್ಷತ್ರವನ್ನು ಯಾರೂ ಆಡಿಕೊಳ್ಳುವುದಿಲ್ಲ, ಏಕೆಂದರೆ ಅದು ಚಂದಾದಾರ ಎನ್ನುವುದನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ. ಯೂಟ್ಯೂಬ್ ಚಾನೆಲ್‌ನ ಮೆಂಬರ್ ಬ್ಯಾಡ್ಜ್‌ಗಂತೂ ಗೌರವವೇ ಇದೆ. ಆ ದುಡ್ಡಿನ ದೊಡ್ಡ ಪಾಲು ಚಾನೆಲ್ ನಡೆಸುವವರಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಕೊಟ್ಟ ದುಡ್ಡು ನಾಚಿಕೆಯ ಸಂಗತಿಯಲ್ಲ. ಚಿಹ್ನೆ ಹೇಳುವುದಕ್ಕೂ ನಿಜಕ್ಕೂ ನಡುವೆ ಎಷ್ಟು ಅಂತರವಿದೆಯೋ ಅಷ್ಟು ಅವಮಾನ. ನಿಮ್ಮ ಕೆಲಸ ಆ ಅಂತರವನ್ನು ಮುಚ್ಚುವುದು.

ಇದನ್ನು ಸರಿಯಾಗಿ ಮಾಡಬಹುದಿತ್ತು ಎನ್ನಲು ಬೆಂಗಳೂರಿನಲ್ಲೇ ಒಂದು ಉದಾಹರಣೆ ಇತ್ತು. 2020ರಲ್ಲಿ ಕನ್ನಡದಿಂದ ಶುರುವಾದ, ಟ್ವಿಟರ್‌ನಂಥದೇ ಕೂ ಆ್ಯಪ್ ಎರಡು ಬೇರೆ ಟಿಕ್‌ಗಳನ್ನು ಇಟ್ಟಿತ್ತು: ಹೆಸರಾಂತರಿಗೆ ಹಳದಿ, ಆಧಾರ್ ಮೂಲಕ ತಾನು ಯಾರೆಂದು ತೋರಿಸಿದ ಯಾರಿಗೇ ಆಗಲಿ ಹಸಿರು. ಎರಡಕ್ಕೂ ಕಾಸಿಲ್ಲ. ಯಾರು ಎನ್ನುವುದೂ ಎಷ್ಟು ದೊಡ್ಡವರು ಎನ್ನುವುದೂ ಬೇರೆ ಬೇರೆ ಪ್ರಶ್ನೆ ಎಂದು ಅದಕ್ಕೆ ಗೊತ್ತಿತ್ತು. 2024ರ ಜುಲೈನಲ್ಲಿ ಅದು ಮುಚ್ಚಿಹೋಯಿತು, ಆ ಒಳ್ಳೆಯ ಪದ್ಧತಿಯೂ ಅದರ ಜೊತೆಗೆ ಹೋಯಿತು.

ನಿಮಗೆ ಬೇಕಾದದ್ದು ನಿಜಕ್ಕೂ ಟಿಕ್ಕೇ?

ಕಾಗದದ ಮೇಲೆ ಒಂದು ಸಾಲು ಬರೆಯಿರಿ: "ನನಗೆ ಇದು ಬೇಕಾಗಿರುವುದು ______ಗಾಗಿ." ಖಾಲಿ ಜಾಗದಲ್ಲಿ ಬರುವ ಉತ್ತರದ ಮೇಲೆ ಏನನ್ನು ಕೊಳ್ಳಬೇಕು ಎಂಬುದು ನಿಂತಿದೆ. "ಜನ ಬೆಲೆ ಕೊಡಲಿ ಅಂತ" ಎಂದು ಬಂದರೆ ಇಲ್ಲಿಗೇ ನಿಲ್ಲಿಸಿ. ಆ ಕೆಲಸ ಈ ಟಿಕ್‌ನಿಂದ ಆಗುವುದಿಲ್ಲ, ಉಲ್ಟಾ ಆಗುತ್ತದೆ.

ಉದ್ದ ಬರಹ, ತಪ್ಪು ತಿದ್ದುವ ಅವಕಾಶ ಬೇಕೆಂದರೆ ಎಕ್ಸ್‌ನ ಮೂರು ಚಂದಾ ಯೋಜನೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದಾದ ಬೇಸಿಕ್ ಸಾಕು. 2025ರ ಜುಲೈನಲ್ಲಿ ಭಾರತದ ಬೆಲೆ ಇಳಿಸಿದಾಗ ಅದು ತಿಂಗಳಿಗೆ ₹170 ಆಯಿತು. ಅದರಲ್ಲಿ ಟಿಕ್ ಬರುವುದೇ ಇಲ್ಲ. ಹೆಚ್ಚಿನವರಿಗೆ ಇದೇ ಸರಿಯಾದ ಆಯ್ಕೆ: ಸೌಲಭ್ಯ ಸಿಗುತ್ತದೆ, ಹಣೆಪಟ್ಟಿ ಅಂಟುವುದಿಲ್ಲ. ಇದು ಅನೇಕರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಕೊಳ್ಳುವ ಪುಟದಲ್ಲಿ ಎದ್ದು ಕಾಣುವಂತೆ ಇಟ್ಟಿರುವುದು ಟಿಕ್ ಬರುವ ಪ್ರೀಮಿಯಂ ಅನ್ನು. ಮೂರೂ ಯೋಜನೆಗಳನ್ನು ಸರಿಸಿ ನೋಡಿ.

ನಕಲಿ ಖಾತೆಯ ಕಾಟವಿದ್ದರೆ ಮೊದಲು ದುಡ್ಡಿಲ್ಲದ ದಾರಿ ಹಿಡಿಯಿರಿ. ನಕಲಿ ಪ್ರೊಫೈಲ್ ತೆರೆದು, ಮೂರು ಚುಕ್ಕೆ ಒತ್ತಿ, ರಿಪೋರ್ಟ್‌ನಲ್ಲಿ "ಬೇರೆಯವರಂತೆ ನಟಿಸುತ್ತಿದ್ದಾರೆ" ಎಂಬ ಅರ್ಥದ ಆಯ್ಕೆ ಹುಡುಕಿ. ನಿಮ್ಮ ಪರಿಚಯದ ನಾಲ್ಕೈದು ಜನರಿಂದಲೂ ರಿಪೋರ್ಟ್ ಮಾಡಿಸಿ. ನಕಲಿಯವರು ದುಡ್ಡು ಕೇಳುತ್ತಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಇಷ್ಟಾದರೂ ಮತ್ತೆ ಮತ್ತೆ ಹೊಸ ನಕಲಿ ಖಾತೆ ಹುಟ್ಟುತ್ತಿದ್ದರೆ ಆಗ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಮೆಟಾ ವೆರಿಫೈಡ್ (ಅವುಗಳ ಒಡೆಯ ಕಂಪನಿ ಮೆಟಾ ದುಡ್ಡಿಗೆ ಕೊಡುವ ಟಿಕ್) ತಗೊಳ್ಳುವುದಕ್ಕೆ ಅರ್ಥವಿದೆ. ಅದು 2023ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಮೊಬೈಲ್‌ನಲ್ಲಿ ತಿಂಗಳಿಗೆ ₹699 ಇತ್ತು. ಅಲ್ಲಿ ಸರ್ಕಾರಿ ಗುರುತಿನ ಚೀಟಿ ನೋಡುತ್ತಾರೆ, ಹಾಗಾಗಿ ಆ ಟಿಕ್ ಕನಿಷ್ಠ ಒಂದು ನಿಜವನ್ನಾದರೂ ಹೇಳುತ್ತದೆ. ಹಳೆಯ ಕಾಲದಲ್ಲಿ ಕಷ್ಟಪಟ್ಟು ಪಡೆದವರ ಟಿಕ್ಕೂ ಕೊಂಡವರ ಟಿಕ್ಕೂ ನೋಡಲು ಒಂದೇ ಥರ ಇರುವುದರಿಂದ ಅಲ್ಲೂ ಗೊಣಗಾಟವಿದೆ, ಎಕ್ಸ್‌ನಷ್ಟಿಲ್ಲ.

ಕೆಲಸ ಹುಡುಕುವವರು ಲಿಂಕ್ಡ್‌ಇನ್‌ನ ಚಿನ್ನದ ಬಣ್ಣದ ಪ್ರೀಮಿಯಂ ಬ್ಯಾಡ್ಜನ್ನೂ ವೆರಿಫಿಕೇಷನ್ನನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದೇ ಅಲ್ಲ. ವೆರಿಫಿಕೇಷನ್ ಉಚಿತ, ಭಾರತದಲ್ಲಿ ಡಿಜಿಲಾಕರ್ ಮೂಲಕ ಆಧಾರ್ ತೋರಿಸಿ, ಇಲ್ಲವೇ ಕಚೇರಿಯ ಇಮೇಲ್‌ಗೆ ಬರುವ ಕೋಡ್ ಹಾಕಿ ಪಡೆಯಬಹುದು. ನೇಮಕ ಮಾಡುವವರಿಗೆ ಕೆಲಸಕ್ಕೆ ಬರುವುದು ಅದು. ಪ್ರೀಮಿಯಂ ಕೊಂಡರೂ ಚಿನ್ನದ ಬ್ಯಾಡ್ಜ್ ಕಾಣದಂತೆ ಮಾಡಬಹುದು. ಈಗಿನ ಕಂಪನಿಯಲ್ಲಿ "ಬೇರೆ ಕಡೆ ನೋಡ್ತಿದಾನೆ" ಎಂಬ ಗುಸುಗುಸು ಬೇಡವೆಂದರೆ ಮೊದಲ ದಿನವೇ ಅದನ್ನು ಆಫ್ ಮಾಡಿ.

ಆದಾಯಕ್ಕಾಗಿ ಎನ್ನುವವರು ಲೆಕ್ಕ ಹಾಕಿಯೇ ಇಳಿಯಬೇಕು. ಎಕ್ಸ್‌ನ ಆದಾಯದಲ್ಲಿ ಪಾಲು ಸಿಗಲು ಪ್ರೀಮಿಯಂ ಇರಬೇಕು, ಹಿಂದಿನ ಮೂರು ತಿಂಗಳಲ್ಲಿ 50 ಲಕ್ಷ ಇಂಪ್ರೆಷನ್ (ಪೋಸ್ಟ್‌ಗಳು ಜನರ ಪರದೆಯಲ್ಲಿ ಕಂಡ ಸಲಗಳ ಲೆಕ್ಕ) ಆಗಿರಬೇಕು, ಜೊತೆಗೆ 500 ವೆರಿಫೈಡ್ ಫಾಲೋವರ್ಸ್ ಬೇಕು. ಕೊನೆಯದೇ ಕಷ್ಟ: ಆ 500 ಜನ ಸ್ವತಃ ಚಂದಾದಾರರಾಗಿರಬೇಕು. 2024ರ ಕೊನೆಯಲ್ಲಿ ಪಾಲಿನ ಲೆಕ್ಕವೂ ಚಂದಾದಾರರು ನಿಮ್ಮ ಪೋಸ್ಟ್‌ಗಳ ಜೊತೆ ಎಷ್ಟು ಒಡನಾಡುತ್ತಾರೆ ಎಂಬುದರ ಮೇಲೆ ಎಂದಾಯಿತು. ನಿಮ್ಮ ಫಾಲೋವರ್ಸ್ ಪಟ್ಟಿ ತೆರೆದರೆ ವೆರಿಫೈಡ್ ಎಂಬ ಪ್ರತ್ಯೇಕ ಟ್ಯಾಬ್ ಇದೆ. ಕನ್ನಡದಲ್ಲಷ್ಟೇ ಬರೆಯುವವರು ಅಲ್ಲಿ ಎಷ್ಟು ಜನರಿದ್ದಾರೆ ಎಂದು ನೋಡಿಕೊಂಡೇ ದುಡ್ಡು ಕಟ್ಟಿ. ಆ ಸಂಖ್ಯೆ ಮೂವತ್ತೋ ನಲವತ್ತೋ ಇದ್ದರೆ ಚಂದಾ ಹಣವೂ ವಾಪಸ್ ಬರುವುದಿಲ್ಲ.

ಕೊಳ್ಳುವ ಮೊದಲು ಹೆಸರು, ಡಿಪಿ

ಎಡವುವುದು ಹೆಚ್ಚಾಗಿ ಇಲ್ಲೇ. ಮೆಟಾ ವೆರಿಫೈಡ್‌ಗೆ ಪ್ರೊಫೈಲ್ ಹೆಸರೂ ಮುಖದ ಫೋಟೋವೂ ಗುರುತಿನ ಚೀಟಿಗೆ ಹೊಂದಬೇಕು, ನಿಮಗೆ 18 ತುಂಬಿರಬೇಕು, ಟೂ ಫ್ಯಾಕ್ಟರ್ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಕೋಡನ್ನೂ ಕೇಳುವುದು) ಆನ್ ಇರಬೇಕು. ನಮ್ಮವರ ಹೆಸರಿನ ತೊಂದರೆ ಎಲ್ಲರಿಗೂ ಗೊತ್ತಿರುವುದೇ: ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿದೆ, ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು ಸರ್‌ನೇಮ್ ಆಗಿದೆ, ಫೇಸ್‌ಬುಕ್‌ನಲ್ಲಿ ಇದಾವುದೂ ಇಲ್ಲದೆ "ಮಂಜು ಹಾಸನ". ಅರ್ಜಿ ಹಾಕುವ ಮೊದಲು ಯಾವ ಚೀಟಿ ಕೊಡುತ್ತೀರಿ ಎಂದು ತೀರ್ಮಾನಿಸಿ, ಅದರಲ್ಲಿರುವ ಅಕ್ಷರಗಳನ್ನೇ ಪ್ರೊಫೈಲ್ ಹೆಸರಿಗೆ ಹಾಕಿ. ಕಾವ್ಯನಾಮವೋ ಊರಿನವರು ಕರೆಯುವ ಹೆಸರೋ ಬಿಡಬೇಕಿಲ್ಲ; ಇನ್‌ಸ್ಟಾಗ್ರಾಂನಲ್ಲಿ ಅದನ್ನು ಯೂಸರ್‌ನೇಮ್‌ಗೆ, ಬಯೋದ ಮೊದಲ ಸಾಲಿಗೆ ಹಾಕಿ. ಹೆಸರು ಮುಚ್ಚಿಟ್ಟು ಬರೆಯುವವರಿಗೆ ಮೆಟಾದ ಟಿಕ್ ಆಗಿಬರುವುದಿಲ್ಲ.

ಎಕ್ಸ್‌ನಲ್ಲಿ ಬೇರೆ ರೀತಿಯ ತೊಂದರೆ. ಹೆಸರು, ಹ್ಯಾಂಡಲ್ (@ ಗುರುತಿನ ಯೂಸರ್‌ನೇಮ್), ಡಿಪಿ, ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಟಿಕ್ ತಾತ್ಕಾಲಿಕವಾಗಿ ಹೋಗುತ್ತದೆ, ಮತ್ತೆ ಪರಿಶೀಲನೆಯಾದ ಮೇಲೆ ಬರುತ್ತದೆ. ನವೆಂಬರ್ 1ಕ್ಕೆ ಹಳದಿ ಕೆಂಪು ಬಾವುಟ, ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ಅವರ ಫೋಟೋ, ಪಂದ್ಯದ ದಿನ ತಂಡದ ಲೋಗೋ ಎಂದು ಡಿಪಿ ಬದಲಿಸುವ ಅಭ್ಯಾಸವಿರುವವರು ಪ್ರತಿ ಸಲವೂ ಟಿಕ್ ಕಳೆದುಕೊಂಡು ಕಾಯುತ್ತಾರೆ. ಬಾವುಟವನ್ನು ಮೇಲಿನ ಅಗಲ ಚಿತ್ರಕ್ಕೆ, ಅಂದರೆ ಹೆಡರ್‌ಗೆ ಹಾಕಿ. ಅದಕ್ಕೆ ಈ ನಿಯಮ ಇಲ್ಲ. ನಟರ ಫೋಟೋವನ್ನು ಡಿಪಿಯಾಗಿ ಇಟ್ಟುಕೊಂಡು ಟಿಕ್ ಕೊಂಡರಂತೂ ನೋಡುವವರಿಗೆ ಆ ನಟರದ್ದೇ ಖಾತೆ ಎನಿಸಬಹುದು. ಕೊಂಡ ಟಿಕ್‌ಗೆ ಕೆಟ್ಟ ಹೆಸರು ಬಂದಿದ್ದೇ ಇಂಥದ್ದರಿಂದ. ಅಭಿಮಾನಿ ಪುಟವಾದರೆ ಹೆಸರಿನಲ್ಲೇ "ಅಭಿಮಾನಿಗಳು" ಎಂದಿರಲಿ, ಬಯೋದಲ್ಲಿ ಅಡಗಿಸಬೇಡಿ. ಟೈಮ್‌ಲೈನ್‌ನಲ್ಲಿ ಬಯೋ ಕಾಣುವುದಿಲ್ಲ.

ಆಮೇಲೆ ಟಿಕ್ ಬಚ್ಚಿಟ್ಟರಾಯಿತು ಎಂಬ ಲೆಕ್ಕದಲ್ಲಿ ಕೊಳ್ಳಬೇಡಿ. 2023ರ ಆಗಸ್ಟ್‌ನಲ್ಲಿ ಟಿಕ್ ಅಡಗಿಸುವ ಸೆಟ್ಟಿಂಗ್ ಕೊಟ್ಟಿದ್ದರು, 2024ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯುವುದಾಗಿ ಚಂದಾದಾರರಿಗೆ ತಿಳಿಸಿದರು. ಟಿಕ್ ಬೇಡವೇ ಬೇಡ ಎನ್ನುವವರಿಗೆ ನಂಬಬಹುದಾದ ದಾರಿ ಬೇಸಿಕ್.

ದುಡ್ಡು ಕಟ್ಟುವಾಗ

ಆ್ಯಪ್‌ನಲ್ಲಿ ಕೊಳ್ಳಬೇಡಿ, ಬ್ರೌಸರ್‌ನಲ್ಲಿ ಲಾಗಿನ್ ಆಗಿ ಕೊಳ್ಳಿ. ಆ್ಯಪ್ ಸ್ಟೋರ್, ಪ್ಲೇ ಸ್ಟೋರ್‌ಗಳ ಕಮಿಷನ್ ಬೆಲೆಗೆ ಸೇರಿಕೊಳ್ಳುತ್ತದೆ. ಎಕ್ಸ್ ಪ್ರೀಮಿಯಂ 2023ರಲ್ಲಿ ಟ್ವಿಟರ್ ಬ್ಲೂ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದಾಗ ವೆಬ್‌ನಲ್ಲಿ ₹650, ಮೊಬೈಲ್‌ನಲ್ಲಿ ₹900 ಇತ್ತು. 2025ರ ಇಳಿಕೆಯ ನಂತರ ₹427 ಮತ್ತು ₹470. ಅಂತರ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಮೊದಲ ಸಲ ತಿಂಗಳ ಚಂದಾವನ್ನೇ ಆರಿಸಿ. ವರ್ಷದ್ದು ಅಗ್ಗವೆನಿಸಿದರೂ ಎರಡೇ ತಿಂಗಳಲ್ಲಿ ಬೇಡವೆನಿಸಿದವರಿಗೆ ಉಳಿದ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಮೊದಲ ಪಾವತಿಗೆ ಓಟಿಪಿ ಬರುತ್ತದೆ. ನಂತರದವು ತಾವೇ ಕಡಿತವಾಗುತ್ತವೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಹೀಗೆ ಮರುಕಳಿಸುವ ಪಾವತಿಗೆ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು. ₹15,000ದೊಳಗಿನ ಮೊತ್ತಕ್ಕೆ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. ಆ ಸಂದೇಶವನ್ನು ಜಾಹೀರಾತು ಎಂದು ಅಳಿಸಬೇಡಿ. ಪಾವತಿ ಬಿದ್ದುಹೋದರೆ ಬ್ಯಾಂಕ್ ಆ್ಯಪ್ ತೆರೆದು ಕಾರ್ಡ್ ಸೆಟ್ಟಿಂಗ್‌ನಲ್ಲಿ ಆನ್‌ಲೈನ್ ವ್ಯವಹಾರ, ವಿದೇಶಿ ವ್ಯವಹಾರ ಎರಡೂ ಆನ್ ಇವೆಯೇ ನೋಡಿ.

ಮಧ್ಯವರ್ತಿಗಳ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾದ ಮಾತು: "ಐದು ಸಾವಿರ ಕೊಡಿ, ಬ್ಲೂ ಟಿಕ್ ಮಾಡಿಸಿಕೊಡ್ತೀವಿ" ಎಂದು ಡಿಎಂ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬರುವವರೆಲ್ಲ ವಂಚಕರೆಂದೇ ತಿಳಿಯಿರಿ. ಅವರಿಗೆ ಬೇಕಾದದ್ದು ದುಡ್ಡು, ಇಲ್ಲವೇ ನಿಮ್ಮ ಪಾಸ್‌ವರ್ಡ್, ಇಲ್ಲವೇ ಆಧಾರ್‌ನ ಫೋಟೋ. ಗುರುತಿನ ಚೀಟಿಯನ್ನು ಆ್ಯಪ್‌ನ ಒಳಗಿನ ಸೆಟ್ಟಿಂಗ್ಸ್ ಪುಟದಿಂದಲ್ಲದೆ ಬೇರೆಲ್ಲೂ ಕೊಡಬೇಡಿ.

ಕೊಂಡ ಮೇಲೆ ಬಯೋ

ಟಿಕ್ ಬಂದ ದಿನವೇ ಬಯೋಗೆ ಎರಡು ಸಂಗತಿ ಸೇರಿಸಿ. ಒಂದು, ನೀವು ಯಾರೆಂದು ಬೇರೆ ಕಡೆಯಿಂದ ಖಚಿತಪಡಿಸಿಕೊಳ್ಳಬಹುದಾದ ಕೊಂಡಿ: ಕಾಲೇಜಿನ ಸಿಬ್ಬಂದಿ ಪುಟ, ಅಂಗಡಿಯ ಗೂಗಲ್ ಮ್ಯಾಪ್ ಗುರುತು, ನಿಮ್ಮದೇ ವೆಬ್‌ಸೈಟ್. ಆ ಪುಟದಲ್ಲೂ ನಿಮ್ಮ ಎಕ್ಸ್ ಖಾತೆಯ ಕೊಂಡಿ ಇರಬೇಕು. ಎರಡೂ ಒಂದನ್ನೊಂದು ತೋರಿಸಿದಾಗಲೇ ಅದು ಪುರಾವೆ. ಎಕ್ಸ್‌ನಂಥದೇ ಜಾಲತಾಣಗಳಾದ ಮಾಸ್ಟೊಡಾನ್, ಬ್ಲೂಸ್ಕೈಗಳನ್ನು ನೋಡಿ: ಮಾಸ್ಟೊಡಾನ್‌ನಲ್ಲಿ ಇದೇ ಪದ್ಧತಿಗೆ ಹಸಿರು ಗುರುತು ಸಿಗುತ್ತದೆ, ಬ್ಲೂಸ್ಕೈನಲ್ಲಿ ನಿಮ್ಮ ವೆಬ್‌ಸೈಟಿನ ವಿಳಾಸವನ್ನೇ ಹ್ಯಾಂಡಲ್ ಮಾಡಿಕೊಳ್ಳಬಹುದು. ಎರಡಕ್ಕೂ ಆ ಜಾಲತಾಣಗಳು ದುಡ್ಡು ಕೇಳುವುದಿಲ್ಲ.

ಎರಡು, ಟಿಕ್ ಏಕೆ ಎಂಬ ಚಿಕ್ಕ ಸಾಲು. "ಉದ್ದ ಬರಹಕ್ಕಾಗಿ ಚಂದಾದಾರ" ಎಂದರೆ ಸಾಕು. ಸಮರ್ಥನೆ ಬೇಡ, ಕ್ಷಮೆಯೂ ಬೇಡ. "ಆಫಿಷಿಯಲ್", "ವೆರಿಫೈಡ್" ಎಂಬ ಪದಗಳನ್ನು ಹೆಸರಿನಲ್ಲಾಗಲಿ ಬಯೋದಲ್ಲಾಗಲಿ ಬಳಸಬೇಡಿ. ವಿಸಿಟಿಂಗ್ ಕಾರ್ಡ್, ಸಭೆಯ ಆಹ್ವಾನ ಪತ್ರಿಕೆ, ಮದುವೆಯ ಬ್ಯಾನರ್‌ಗಳಲ್ಲಿ ಹೆಸರಿನ ಮುಂದೆ ನೀಲಿ ಟಿಕ್ ಮುದ್ರಿಸುವ ಚಾಳಿ ಕೆಲವರಿಗಿದೆ. ನೋಡಿದವರ ಮನಸ್ಸಿನಲ್ಲಿ ಅದು ಒಂದೇ ಕ್ಷಣದಲ್ಲಿ ಶೋಕಿಯ ಪಟ್ಟಿಗೆ ಸೇರುತ್ತದೆ.

ರಿಪ್ಲೈಗಳಲ್ಲಿ ನಡೆದುಕೊಳ್ಳುವುದು

ಹೆಸರು ಉಳಿಯುವುದೂ ಕೆಡುವುದೂ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ.

ಪ್ರೀಮಿಯಂ ಕೊಂಡ ದಿನದಿಂದ ನಿಮ್ಮ ಪ್ರತಿ ರಿಪ್ಲೈಗೂ ಜಾಗ ಮೇಲೆ ಸಿಗುತ್ತದೆ. ಹತ್ತು ಸಾವಿರ ಜನ ನೋಡುವ ಪೋಸ್ಟಿನ ಕೆಳಗೆ ನೀವು "ಸೂಪರ್ ಸರ್" ಎಂದು ಬರೆದರೆ, ಆ ವಿಷಯ ಬಲ್ಲ ಟಿಕ್ ಇಲ್ಲದವರೊಬ್ಬರು ಬರೆದ ಐದು ಸಾಲು ಅದರ ಕೆಳಗೆ ಹೋಗುತ್ತದೆ. ಓದುಗರು ಬೆರಳಾಡಿಸಿ ಕೆಳಗೆ ಹೋಗುವಷ್ಟರಲ್ಲಿ ಹತ್ತು ಟಿಕ್‌ಗಳನ್ನು, ಹತ್ತು ಎಮೋಜಿಗಳನ್ನು ದಾಟಬೇಕು. ಸಿಟ್ಟು ಬರುವುದು ಸಹಜ. ಹಾಗಾಗಿ ಅಪರಿಚಿತರ ಪೋಸ್ಟಿಗೆ ಉತ್ತರಿಸುವ ಮೊದಲು ಒಂದು ಪ್ರಶ್ನೆ: ನಾನು ಸೇರಿಸುತ್ತಿರುವುದು ಮಾಹಿತಿಯೋ, ತಿದ್ದುಪಡಿಯೋ, ಪ್ರಶ್ನೆಯೋ? ಮೂರೂ ಅಲ್ಲವಾದರೆ ಲೈಕ್ ಒತ್ತಿ ಮುಂದೆ ಹೋಗಿ. ಮೆಚ್ಚುಗೆಯನ್ನು ಮಾತಿನಲ್ಲೇ ಹೇಳಬೇಕೆನಿಸಿದರೆ ಕೋಟ್ ಮಾಡಿ ನಿಮ್ಮ ಪುಟದಲ್ಲಿ ಬರೆಯಿರಿ. ಅಲ್ಲಿ ಯಾರ ಜಾಗವನ್ನೂ ನೀವು ತಿನ್ನುವುದಿಲ್ಲ.

ಸಾವು, ಅಪಘಾತ, ಮಳೆ ಪ್ರವಾಹದ ಸುದ್ದಿಗಳ ಕೆಳಗೆ ಇನ್ನೂ ಎಚ್ಚರ ಬೇಕು. ನೆರವು ಕೇಳುವವರ, ಸ್ಥಳದಲ್ಲಿರುವವರ ರಿಪ್ಲೈ ಮೇಲಿರಬೇಕಾದ ಹೊತ್ತು ಅದು. ನಿಮಗೆ ಹೇಳಲು ಏನೂ ಇಲ್ಲದಿದ್ದರೆ ಅಂಥವರ ರಿಪ್ಲೈಯನ್ನೇ ರೀಪೋಸ್ಟ್ ಮಾಡಿ. ಕೊಂಡ ಗಟ್ಟಿ ದನಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇಂಥ ಕಡೆ.

ಟಿಕ್ ಇಲ್ಲದವರ ಜೊತೆ ವಾದಕ್ಕಿಳಿದರೆ ಒಂದು ನ್ಯಾಯ ಪಾಲಿಸಿ. ನಿಮ್ಮ ಉತ್ತರ ಮೇಲೆ ಕಾಣುತ್ತದೆ, ಅವರ ಮರುತ್ತರ "ಇನ್ನಷ್ಟು ರಿಪ್ಲೈ ತೋರಿಸು" ಎಂಬುದರ ಹಿಂದೆ ಅಡಗಬಹುದು. ಓದುವವರಿಗೆ ನೀವು ಗೆದ್ದಂತೆ ಕಾಣುತ್ತದೆ; ಗೆದ್ದದ್ದು ಚಂದಾ. ಅವರ ಗಟ್ಟಿಯಾದ ಅಂಶವನ್ನು ನಿಮ್ಮ ಉತ್ತರದಲ್ಲೇ ಒಂದು ಸಾಲಿನಲ್ಲಿ ಹೇಳಿ ಆಮೇಲೆ ಉತ್ತರಿಸಿ, ಇಲ್ಲವೇ ಅವರ ಮರುತ್ತರವನ್ನು ರೀಪೋಸ್ಟ್ ಮಾಡಿ. ಇದನ್ನು ಒಮ್ಮೆ ಮಾಡಿದವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ.

ಎಡಿಟ್ ಸೌಲಭ್ಯವಿದೆಯೆಂದು ವಾದದ ಮಧ್ಯೆ ಹೇಳಿದ್ದನ್ನು ಬದಲಿಸಬೇಡಿ. ಕಾಗುಣಿತ ತಿದ್ದಲಷ್ಟೇ ಬಳಸಿ. ಎಡಿಟ್ ಆದ ಪೋಸ್ಟ್‌ನಲ್ಲಿ ಹಳೆಯ ಆವೃತ್ತಿ ಉಳಿದಿರುತ್ತದೆ, ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ.

ಆದಾಯದ ಯೋಜನೆಗೆ ಸೇರಿದ್ದರೆ ಅದನ್ನು ಮುಚ್ಚಿಡಬೇಡಿ. ಭಾಷೆ, ಜಾತಿ, ನಟರ ಅಭಿಮಾನಿಗಳ ಜಗಳದಂಥ ವಿಷಯ ಎತ್ತುವ ಖಾತೆಗೆ ಅದರಿಂದ ಕಾಸು ಬರುತ್ತದೆ ಎಂಬುದು ಓದುಗರಿಗೆ ಗೊತ್ತಿರಬೇಕಾದ ಸಂಗತಿ. ಪಿನ್ ಮಾಡಿದ ಪೋಸ್ಟ್‌ನಲ್ಲಿ "ಈ ಖಾತೆಗೆ ಎಕ್ಸ್‌ನಿಂದ ಆದಾಯದ ಪಾಲು ಬರುತ್ತದೆ" ಎಂದು ಬರೆದುಬಿಟ್ಟರೆ "ದುಡ್ಡಿಗಾಗಿ ಕಿತಾಪತಿ" ಎನ್ನುವವರ ಮಾತಿಗೆ ಅರ್ಧ ಬಲ ಹೋಗುತ್ತದೆ. ಉಳಿದರ್ಧ ನೀವು ಏನು ಬರೆಯುತ್ತೀರಿ ಎಂಬುದರ ಮೇಲಿದೆ.

ಆಡಿಕೊಂಡಾಗ

ಯಾರಾದರೂ "ದುಡ್ಡು ಕೊಟ್ಟು ತಗೊಂಡಿದ್ದಾ?" ಎಂದರೆ ಒಂದೇ ಸಲ, ನೇರವಾಗಿ: "ಹೌದು, ದುಡ್ಡು ಕೊಟ್ಟೇ. ಉದ್ದ ಬರೆಯೋಕೆ ಬೇಕಿತ್ತು. ಈಗ ವಿಷಯಕ್ಕೆ ಬರೋಣ." ಇದಕ್ಕಿಂತ ಉದ್ದವಾದರೆ ಸಮರ್ಥನೆಯಾಗುತ್ತದೆ. ಉಚಿತವಾಗಿ ಬಂತು, ಯಾರೋ ಗಿಫ್ಟ್ ಕೊಟ್ಟರು, ಆಫೀಸಿನವರು ಕಟ್ಟಿದ್ದಾರೆ ಎಂಬ ಸುಳ್ಳು ಹೇಳಬೇಡಿ. ನಾಚಿಕೆ ಇಲ್ಲದ ಕಡೆ ನೀವೇ ನಾಚಿಕೆ ಹುಟ್ಟಿಸಿದಂತಾಗುತ್ತದೆ. ನಿಜಕ್ಕೂ ಉಚಿತವಾಗಿ ಬಂದಿರುವುದೂ ಉಂಟು: 2024ರ ಏಪ್ರಿಲ್‌ನಿಂದ 2,500ಕ್ಕಿಂತ ಹೆಚ್ಚು ಚಂದಾದಾರ ಫಾಲೋವರ್ಸ್ ಇರುವ ಖಾತೆಗಳಿಗೆ ಪ್ರೀಮಿಯಂ ಕೊಟ್ಟರು. ಹಾಗಿದ್ದರೆ ಹಾಗೆಂದು ಹೇಳಿ.

"ನಿನ್ನ ಹತ್ರ ದುಡ್ಡಿಲ್ಲ, ಅದಕ್ಕೇ ಉರಿ" ಎಂಬ ಉತ್ತರ ಎಂದಿಗೂ ಬೇಡ. ಆ ಒಂದು ಸಾಲು ಎದುರಿನವರ ಆರೋಪವನ್ನು ನಿಮ್ಮ ಬಾಯಿಂದಲೇ ನಿಜ ಮಾಡುತ್ತದೆ.

ಇನ್ನೊಬ್ಬರ ಟಿಕ್ ನೋಡಿದಾಗ

ಟಿಕ್ ಇದೆಯೆಂದು ನಂಬುವುದೂ ತಪ್ಪು, ಟಿಕ್ ಇದೆಯೆಂದು ಆಡಿಕೊಳ್ಳುವುದೂ ತಪ್ಪು. ಎಕ್ಸ್‌ನಲ್ಲಿ ಬಣ್ಣ ನೋಡಿ: ಸರ್ಕಾರಿ ಖಾತೆಗಳಿಗೆ ಬೂದು, ಸಂಸ್ಥೆಗಳಿಗೆ ಚಿನ್ನದ ಬಣ್ಣ, ನೀಲಿ ಚಂದಾದಾರರದ್ದು. ಚಿನ್ನದ ಬಣ್ಣದ್ದಕ್ಕೂ ದುಡ್ಡು ಕಟ್ಟಿರಬಹುದು, ಅದೂ ಪ್ರಾಮಾಣಿಕತೆಯ ಸರ್ಟಿಫಿಕೇಟ್ ಅಲ್ಲ.

ಬ್ಯಾಂಕಿನ ಬಗ್ಗೆ ದೂರು ಬರೆದ ಕೂಡಲೇ "ಕಸ್ಟಮರ್ ಕೇರ್" ಎಂಬ ಹೆಸರಿನ, ಬ್ಯಾಂಕಿನ ಲೋಗೋ ಹಾಕಿಕೊಂಡ, ನೀಲಿ ಟಿಕ್ ಇರುವ ಖಾತೆ ರಿಪ್ಲೈ ಮಾಡಿ ಮೊಬೈಲ್ ನಂಬರ್ ಕೇಳಿದರೆ ಕೊಡಬೇಡಿ. ಟಿಕ್‌ನಿಂದಾಗಿ ಆ ರಿಪ್ಲೈ ಎಲ್ಲಕ್ಕಿಂತ ಮೇಲೆ ಕಾಣುತ್ತದೆ, ವಂಚಕರು ದುಡ್ಡು ಕಟ್ಟುವುದೇ ಅದಕ್ಕೆ. ಪ್ರೊಫೈಲ್ ತೆರೆದು ಸೇರಿದ ತಿಂಗಳು ನೋಡಿ. 2025ರ ನವೆಂಬರ್‌ನಿಂದ ಖಾತೆಯ ಬಗೆಗಿನ ಪುಟದಲ್ಲಿ ಯಾವ ದೇಶದಿಂದ ನಡೆಯುತ್ತಿದೆ, ಎಷ್ಟು ಸಲ ಯೂಸರ್‌ನೇಮ್ ಬದಲಾಗಿದೆ ಎಂಬುದೂ ಕಾಣುತ್ತದೆ. ಆಮೇಲೆ ಬ್ಯಾಂಕಿನ ವೆಬ್‌ಸೈಟ್‌ಗೆ ಹೋಗಿ ಅಲ್ಲಿ ಕೊಟ್ಟಿರುವ ಹ್ಯಾಂಡಲ್‌ನ ಜೊತೆ ಅಕ್ಷರ ಅಕ್ಷರ ಹೋಲಿಸಿ.

ಆಡಿಕೊಳ್ಳುವವರಿಗೂ ಒಂದು ಮಾತು. ಮನೆಯಲ್ಲೇ ಚಕ್ಕುಲಿ, ಸೀರೆ ಕುಚ್ಚು ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವ ಹೆಂಗಸು ತಿಂಗಳ ಚಂದಾ ಕಟ್ಟಿದ್ದರೆ ಅದು ಹೆಚ್ಚಿನ ಸಲ ಗಿರಾಕಿಗಳ ನಂಬಿಕೆಗಾಗಿ, ನಕಲಿ ಪುಟದ ಭಯಕ್ಕಾಗಿ. ಅವರನ್ನೂ, ಕದ್ದ ವಿಡಿಯೋ ಹಾಕಿ ಲೈಕ್ ಗಿಟ್ಟಿಸುವವರನ್ನೂ ಒಂದೇ ಬುಟ್ಟಿಗೆ ಹಾಕುವುದು ಅನ್ಯಾಯ. ಖಾತೆಯ ಹಿಂದಿನ ಇಪ್ಪತ್ತು ಪೋಸ್ಟ್ ನೋಡಿದರೆ ಯಾರು ಯಾವ ಬಗೆಯವರೆಂದು ತಿಳಿಯುತ್ತದೆ.

ಬಿಡುವುದು

ಮೂರು ತಿಂಗಳಾದ ಮೇಲೆ ಮೊದಲು ಬರೆದಿಟ್ಟ ಆ ಸಾಲನ್ನು ತೆಗೆದು ನೋಡಿ. ಉದ್ದ ಬರಹಕ್ಕೆಂದು ಕೊಂಡು ಈವರೆಗೆ ಎರಡೇ ಬರೆದಿದ್ದರೆ ನಿಲ್ಲಿಸಿ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಖಾತೆಯಿಂದ ಲಾಗ್‌ಔಟ್ ಆದರೂ ನಿಲ್ಲುವುದಿಲ್ಲ. ಎಲ್ಲಿ ಕೊಂಡಿರೋ ಅಲ್ಲೇ ರದ್ದು ಮಾಡಬೇಕು. ಬ್ರೌಸರ್‌ನಲ್ಲಿ ಕೊಂಡಿದ್ದರೆ ಅದೇ ತಾಣದ ಪ್ರೀಮಿಯಂ ಪುಟದಲ್ಲಿ ಸಬ್‌ಸ್ಕ್ರಿಪ್ಷನ್ ನಿರ್ವಹಣೆ. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಮೇಲಿನ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಮೇಲೆ ನಿಮ್ಮ ಹೆಸರು, ಸಬ್‌ಸ್ಕ್ರಿಪ್ಷನ್ಸ್. ಯುಪಿಐ ಆಟೋಪೇ ಇಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು ಅಲ್ಲೂ ನಿಂತಿದೆಯೇ ನೋಡಿ.

ಕಡಿತದ ದಿನಕ್ಕೆ ಎರಡು ಮೂರು ದಿನ ಮೊದಲೇ ರದ್ದು ಮಾಡಿ, ಕೊನೆಯ ದಿನಕ್ಕೆ ಇಡಬೇಡಿ. ಕಟ್ಟಿದ ಅವಧಿ ಮುಗಿಯುವವರೆಗೆ ಟಿಕ್ ಇರುತ್ತದೆ, ಆಮೇಲೆ ತಾನೇ ಹೋಗುತ್ತದೆ. ಆದಾಯದ ಪಾಲು ಬರುತ್ತಿದ್ದರೆ ಅದಕ್ಕೆ ಬೇಕಾದ ಅರ್ಹತೆಯೂ ಅದರ ಜೊತೆಗೇ ಹೋಗುತ್ತದೆ. ಟಿಕ್ ಹೋದದ್ದನ್ನು ಗಮನಿಸಿ "ಏನು, ದುಡ್ಡು ಖಾಲಿ ಆಯ್ತಾ?" ಎಂದು ಕೇಳುವವರು ಸಿಗುತ್ತಾರೆ, "ಅಷ್ಟು ಬಳಕೆ ಆಗ್ಲಿಲ್ಲ, ನಿಲ್ಲಿಸ್ದೆ" ಎಂದರೆ ಮುಗಿಯಿತು. ಬಯೋದಲ್ಲಿ ಹಾಕಿದ್ದ ಚಂದಾದಾರ ಎಂಬ ಸಾಲನ್ನು ಅದೇ ದಿನ ಅಳಿಸಿ, ಪಿನ್ ಮಾಡಿದ ಆದಾಯದ ಪೋಸ್ಟ್ ಇದ್ದರೆ ಅದನ್ನೂ ತೆಗೆಯಿರಿ. ವೆಬ್‌ಸೈಟಿನ ಕೊಂಡಿ ಮಾತ್ರ ಹಾಗೇ ಇರಲಿ.